ಸುತ್ತಲಿನ ಧ್ವನಿ, ಮೇಲಿನ ಧ್ವನಿ

ಹಾಸನ ಜಿಲ್ಲೆಯ ಚನ್ನರಾಯಪಟ್ಟಣ ತಾಲ್ಲೂಕಿಗೆ ಸೇರಿದ ನುಗ್ಗೇಹಳ್ಳಿಯಲ್ಲಿ ಲಕ್ಷ್ಮೀನರಸಿಂಹ ದೇವಾಲಯವಿದೆ. ಹೊಯ್ಸಳ ದೊರೆ ವೀರ ಸೋಮೇಶ್ವರನ ಕಾಲದಲ್ಲಿ, 1246ರಲ್ಲಿ, ಬೊಮ್ಮಣ್ಣ ದಂಡನಾಯಕನು ಕಟ್ಟಿಸಿದ ಗುಡಿಯಿದು. ಬೈಚೋಜ, ಮಲ್ಲಿತಮ್ಮ ಎಂಬ ಶಿಲ್ಪಿಗಳು ಇದರ ಹೊರಗೋಡೆಯ ಮೇಲೆ ಬಿಡಿಸಿರುವ ಮೂರ್ತಿಗಳನ್ನು ನೋಡಲು ಜನರು ದೂರದಿಂದ ಬರುತ್ತಾರೆ. ಆದರೆ ನಾವು ಇಂದು ವಾಚಕರನ್ನು ಅಲ್ಲಿಗೆ ಕರೆದೊಯ್ಯುವುದು ನೋಡುವುದಕ್ಕಲ್ಲ, ಕೇಳುವುದಕ್ಕೆ.

ಈ ದೇವಾಲಯವು ತ್ರಿಕೂಟ. ಎಂದರೆ ಒಂದೇ ನವರಂಗಕ್ಕೆ ಮೂರು ಗರ್ಭಗುಡಿಗಳು ತೆರೆದುಕೊಂಡಿವೆ. ನಡುವಣದು ಕೇಶವನದು, ಉಳಿದೆರಡು ವೇಣುಗೋಪಾಲ ಮತ್ತು ಲಕ್ಷ್ಮೀನರಸಿಂಹರವು. ನವರಂಗದ ನಡುವೆ, ಭುವನೇಶ್ವರಿಯ ಕೆಳಗೆ, ಕೇಶವನಿಗೆ ಅಭಿಮುಖವಾಗಿ ಕಣ್ಣು ಮುಚ್ಚಿ ನಿಂತುಕೊಳ್ಳಿರಿ. ಯಾವುದೋ ಒಂದು ಗರ್ಭಗುಡಿಯಲ್ಲಿ ಗಂಟೆ ಬಾರಿಸಿದರೆ, ಅದು ಎದುರಿನದೋ, ಎಡದ್ದೋ, ಬಲದ್ದೋ ಎಂಬುದು ಆ ಕ್ಷಣವೇ ತಿಳಿಯುತ್ತದೆ. ಕಲ್ಲಿನ ಗೋಡೆಗಳೂ ಕಂಬಗಳೂ ಗಂಟೆಯ ನಾದವನ್ನು ಹತ್ತು ಕಡೆಯಿಂದ ಹಿಂದಿರುಗಿಸುತ್ತಿದ್ದರೂ ನಾವು ತಪ್ಪುವುದಿಲ್ಲ. ಈ ಸುಲಭವಾದ ಕೆಲಸದಲ್ಲಿ ಅಡಗಿರುವ ವಿಜ್ಞಾನವನ್ನು ಅರಿತವನು, ತನ್ನ ಮನೆಯ ನಡುಮನೆಯಲ್ಲಿ ಸಿನಿಮಾ ನೋಡುವುದಕ್ಕಾಗಿ ತಂದ ಧ್ವನಿವರ್ಧಕಗಳನ್ನು ಎಲ್ಲೆಲ್ಲಿ ಇಡಬೇಕೆಂಬುದನ್ನು ಯಾರನ್ನೂ ಕೇಳದೆ ತಾನೇ ಗೊತ್ತುಮಾಡಬಲ್ಲನು.

ಎಡಗಡೆಯ ಗಂಟೆಯ ಧ್ವನಿ ಎಡಗಿವಿಗೆ ಮೊದಲು ತಲಪುತ್ತದೆ. ತಲೆಯನ್ನು ಬಳಸಿಕೊಂಡು ಬಲಗಿವಿಯನ್ನು ಸೇರಲು ಅದಕ್ಕೆ ಸ್ವಲ್ಪ ಹೆಚ್ಚು ಕಾಲ ಬೇಕು. ಈ ‘ಸ್ವಲ್ಪ’ ಎಷ್ಟು? ಧ್ವನಿ ನೇರವಾಗಿ ಪಕ್ಕದಿಂದ ಬಂದಾಗ ಸೆಕೆಂಡಿನ ಸಾವಿರದ ಒಂದು ಭಾಗದಲ್ಲಿ ಸುಮಾರು ಮೂರನೆಯ ಎರಡು ಪಾಲು. ಇದಕ್ಕಿಂತ ಹೆಚ್ಚಿನ ಅಂತರ ಮನುಷ್ಯನ ತಲೆಯ ಅಳತೆಗೆ ಸಾಧ್ಯವೇ ಇಲ್ಲ. ಎದುರಿನಿಂದ ಬರುವ ಧ್ವನಿ ಒಂದು ಡಿಗ್ರಿಯಷ್ಟು ಪಕ್ಕಕ್ಕೆ ಸರಿದರೂ ನಮಗೆ ಗೊತ್ತಾಗುತ್ತದೆ. ಆಗಿನ ಅಂತರವೋ ಸೆಕೆಂಡಿನ ಲಕ್ಷದ ಒಂದು ಭಾಗ! ಇದರ ಜೊತೆಗೆ ತಲೆಯ ನೆರಳೂ ಒಂದಿದೆ. ಸೆಕೆಂಡಿಗೆ 1,500ಕ್ಕೆ ಮೀರಿದ ಕಂಪನಗಳುಳ್ಳ ಎತ್ತರದ ಸ್ವರಗಳ ಅಲೆಗಳು ಉದ್ದದಲ್ಲಿ ತಲೆಯ ಗಾತ್ರವನ್ನು ಹೋಲುವುದರಿಂದ ಅಥವಾ ಅದಕ್ಕಿಂತ ಚಿಕ್ಕವಾಗಿರುವುದರಿಂದ, ಅವು ತಲೆಯನ್ನು ಸುಲಭವಾಗಿ ಬಳಸಿ ಹೋಗಲಾರವು. ಆಚೆಯ ಕಿವಿಗೆ ಕ್ಷೀಣವಾಗಿ ಕೇಳುತ್ತವೆ. ತಗ್ಗು ಸ್ವರಗಳಿಗೆ ಕಾಲದ ಅಂತರ, ಎತ್ತರದ ಸ್ವರಗಳಿಗೆ ಬಲದ ಅಂತರ ಎಂಬ ಈ ಎರಡು ಬಗೆಯ ವಿವರಣೆಯನ್ನು 1907ರಲ್ಲಿ ಮುಂದಿಟ್ಟವನು ಇಂಗ್ಲೆಂಡಿನ ಲಾರ್ಡ್ ರ್ಯಾಲೆ.

ಆದರೆ ಇಷ್ಟರಿಂದ ಎಲ್ಲವೂ ತೀರಲಿಲ್ಲ. ಗಂಟೆ ನಮ್ಮ ಮೂಗಿನ ನೇರಕ್ಕೆ ಎದುರಿನಲ್ಲಿದ್ದರೂ, ನೇರವಾಗಿ ಬೆನ್ನ ಹಿಂದಿದ್ದರೂ, ನೆತ್ತಿಯ ಮೇಲೆ ತೂಗುತ್ತಿದ್ದರೂ ಅದರ ಧ್ವನಿ ಎರಡು ಕಿವಿಗಳನ್ನೂ ಒಟ್ಟಿಗೇ, ಸಮಬಲದಿಂದಲೇ ಸೇರುತ್ತದೆ. ಹಾಗಿದ್ದರೆ ಮುಂದು ಹಿಂದುಗಳ, ಕೆಳಗು ಮೇಲುಗಳ ಭೇದವನ್ನು ನಾವು ತಿಳಿಯುವುದು ಹೇಗೆ? ತಲೆಯನ್ನು ಕೊಂಚ ತಿರುಗಿಸಿದರೆ ಅರ್ಧ ಉತ್ತರ ದೊರೆಯುತ್ತದೆ: ಬಲಕ್ಕೆ ತಿರುಗಿದಾಗ ಮುಂದಿನ ಧ್ವನಿ ಎಡಗಿವಿಗೂ ಹಿಂದಿನ ಧ್ವನಿ ಬಲಗಿವಿಗೂ ಹತ್ತಿರವಾಗುತ್ತದೆ. ಉಳಿದರ್ಧವನ್ನು ಹೇಳುವುದು, ಶಾಲೆಯಲ್ಲಿ ಮೇಷ್ಟರು ಹಿಂಡುವುದಕ್ಕೆಂದೇ ಇದೆಯೆಂದು ನಾವು ಭಾವಿಸಿದ್ದ ಹೊರಗಿವಿ. ಅದರ ಸುರುಳಿಗಳೂ ತಗ್ಗುಗಳೂ ಧ್ವನಿಯನ್ನು ತಿರುಚಿ ಒಳಗೆ ಕಳುಹಿಸುತ್ತವೆ. ನೇರವಾಗಿ ಒಳಹೊಕ್ಕ ಅಲೆಯೂ, ಸುರುಳಿಗೆ ತಾಗಿ ತುಸು ತಡವಾಗಿ ಹೊಕ್ಕ ಅಲೆಯೂ ಕೂಡಿದಾಗ ಕೆಲವು ಸ್ವರಗಳು ಬಲಗೊಂಡು ಕೆಲವು ಅಡಗುತ್ತವೆ. ಯಾವುದು ಅಡಗುವುದೆಂಬುದು ಧ್ವನಿ ಎಷ್ಟು ಎತ್ತರದಿಂದ ಬಂದಿತೆಂಬುದನ್ನು ಅನುಸರಿಸುತ್ತದೆ. ಮಿದುಳು ಬಾಲ್ಯದಿಂದಲೇ ಈ ಗುರುತುಗಳನ್ನು ಕಲಿತಿರುತ್ತದೆ.

ಇದನ್ನು ಮನೆಯಲ್ಲೇ ಪರೀಕ್ಷಿಸಬಹುದು. ಗೆಳೆಯನೊಬ್ಬನ ಕೈಗೆ ಬೀಗದ ಕೈಗಳ ಗೊಂಚಲನ್ನು ಕೊಟ್ಟು, ನಿಮ್ಮ ಮುಂದೆ, ನೆತ್ತಿಯ ಮೇಲೆ, ಹಿಂದೆ, ಯಾವ ಕ್ರಮವೂ ಇಲ್ಲದೆ ಅಲುಗಿಸಲು ಹೇಳಿರಿ. ನೀವು ಕಣ್ಣು ಮುಚ್ಚಿ, ತಲೆಯನ್ನು ಅಲುಗಿಸದೆ ದಿಕ್ಕನ್ನು ಹೇಳಬೇಕು. ಬಳಿಕ ಎರಡು ಹೊರಗಿವಿಗಳನ್ನೂ ಬೆರಳುಗಳಿಂದ ಮಡಿಸಿ ಹಿಡಿದು ಅದೇ ಪರೀಕ್ಷೆಯನ್ನು ಪುನಃ ಮಾಡಿರಿ. ಎಡಬಲಗಳು ಉಳಿಯುತ್ತವೆ, ಮೇಲುಕೆಳಗುಗಳು ಕೆಡುತ್ತವೆ. 1998ರಲ್ಲಿ ಹಾಲೆಂಡಿನ ಸಂಶೋಧಕರು ಕೆಲವರ ಹೊರಗಿವಿಗಳಿಗೆ ಅಚ್ಚುಗಳನ್ನು ತೊಡಿಸಿ ಅವುಗಳ ಆಕಾರವನ್ನೇ ಬದಲಾಯಿಸಿದರು. ಅವರಿಗೆ ಧ್ವನಿಯ ಎತ್ತರವು ತಿಳಿಯದೆಹೋಯಿತು. ಆದರೆ ಕೆಲವು ವಾರಗಳಲ್ಲಿ ಹೊಸ ಕಿವಿಗಳಿಂದಲೇ ಅದನ್ನು ಮತ್ತೆ ಕಲಿತರು. ಅಚ್ಚುಗಳನ್ನು ತೆಗೆದಾಗ ಹಳೆಯ ವಿದ್ಯೆಯೂ ಹಾಗೆಯೇ ಉಳಿದಿತ್ತೆಂಬುದು ಇನ್ನೂ ಸ್ವಾರಸ್ಯವಾದ ಸಂಗತಿ.

ಇನ್ನು ನಡುಮನೆಗೆ ಬರೋಣ. ಎರಡು ಧ್ವನಿವರ್ಧಕಗಳಿಂದ ದಿಕ್ಕಿನ ಭಾವನೆಯನ್ನು ಹುಟ್ಟಿಸುವ ಉಪಾಯಕ್ಕೆ ಇಂಗ್ಲೆಂಡಿನ ಅಲನ್ ಬ್ಲೂಮ್ಲೀನ್ 1931ರಲ್ಲೇ ಪೇಟೆಂಟಿಗೆ ಅರ್ಜಿ ಹಾಕಿದನು. ಕೇಳುವವನ ಸುತ್ತಲೂ ಐದು ಪೆಟ್ಟಿಗೆಗಳನ್ನೂ ತಗ್ಗು ಸ್ವರಕ್ಕೆಂದೇ ಇನ್ನೊಂದನ್ನೂ ಬಳಸುವ ಕ್ರಮವು 1990ರ ದಶಕದಲ್ಲಿ ಸಿನಿಮಾ ಮಂದಿರದಿಂದ ಮನೆಗೆ ಬಂದಿತು. 2012ರಲ್ಲಿ ಡಾಲ್ಬಿ ಸಂಸ್ಥೆಯು ಆಟ್ಮಾಸ್ ಎಂಬ ಪದ್ಧತಿಯನ್ನು ಚಿತ್ರಮಂದಿರಗಳಲ್ಲಿ ಆರಂಭಿಸಿ, 2014ರಲ್ಲಿ ಮನೆಗಳಿಗೂ ತಂದಿತು. ಇದರಲ್ಲಿ ಮಳೆ, ಹಕ್ಕಿ, ವಿಮಾನಗಳ ಧ್ವನಿಯ ಜೊತೆಗೆ ಅದು ಕೋಣೆಯ ಯಾವ ಮೂಲೆಯಲ್ಲಿ, ಎಷ್ಟು ಎತ್ತರದಲ್ಲಿ ಕೇಳಬೇಕೆಂಬ ಲೆಕ್ಕವನ್ನೂ ಬರೆದಿಡುತ್ತಾರೆ; ಮನೆಯ ಯಂತ್ರವು ಅಲ್ಲಿರುವ ಪೆಟ್ಟಿಗೆಗಳಿಗೆ ಅದನ್ನು ಹಂಚುತ್ತದೆ. ಅಂಗಡಿಯಲ್ಲಿ 5.1.2 ಎಂದು ಬರೆದಿದ್ದರೆ ಕಿವಿಯ ಮಟ್ಟದಲ್ಲಿ ಐದು, ತಗ್ಗು ಸ್ವರಕ್ಕೆ ಒಂದು, ಮೇಲೆ ಎರಡು ಎಂದು ಅರ್ಥ.

ಯಂತ್ರವು ಹಂಚುವುದು ಪೆಟ್ಟಿಗೆಗಳು ತಮ್ಮ ತಮ್ಮ ಸ್ಥಾನದಲ್ಲಿವೆ ಎಂಬ ನಂಬಿಕೆಯಿಂದ. ತೆಂಗಿನ ಫಸಲಿನ ಹಣದಿಂದಲೋ, ಬೆಂಗಳೂರಿನಲ್ಲಿ ಕೆಲಸಕ್ಕಿರುವ ಮಗನು ಕಳುಹಿಸಿದ ಹಣದಿಂದಲೋ ಕೊಂಡು ತಂದ ಎಂಟು ಪೆಟ್ಟಿಗೆಗಳನ್ನು, ಮೊಳೆ ಇದ್ದ ಕಡೆಗೆಲ್ಲ ನೇತುಹಾಕಿದರೆ ಆಗುವುದೇನು? ಮಾತು ಅಸ್ಪಷ್ಟವಾಗುತ್ತದೆ, ಮಾತು ಕೇಳಲೆಂದು ಧ್ವನಿಯನ್ನು ಏರಿಸುತ್ತಾರೆ, ಪಕ್ಕದ ಮನೆಯಲ್ಲಿ ಪರೀಕ್ಷೆಗೆ ಓದುತ್ತಿರುವ ಹುಡುಗಿಗೆ ಪುಸ್ತಕವನ್ನು ಮುಚ್ಚುವುದಲ್ಲದೆ ಬೇರೆ ದಾರಿ ಉಳಿಯುವುದಿಲ್ಲ. ಸರಿಯಾಗಿಟ್ಟ ಮೂರು ಪೆಟ್ಟಿಗೆಗಳು ತಪ್ಪಾಗಿಟ್ಟ ಎಂಟಕ್ಕಿಂತ ಮೇಲೆಂಬುದೇ ನಮ್ಮ ಅಭಿಪ್ರಾಯ.

ಲೆಕ್ಕಕ್ಕೆ ಒಂದು ಕೋಣೆ ಬೇಕು. 15 ಅಡಿ ಉದ್ದ, 12 ಅಡಿ ಅಗಲ, 10 ಅಡಿ ಎತ್ತರವಿರುವ, ಕಾಂಕ್ರೀಟ್ ಸೂರಿನ ನಡುಮನೆಯನ್ನು ತೆಗೆದುಕೊಳ್ಳೋಣ. ಮೊದಲು ನಿಶ್ಚಯಿಸಬೇಕಾದುದು ಪೆಟ್ಟಿಗೆಗಳ ಸ್ಥಾನವಲ್ಲ, ಕುಳಿತುಕೊಳ್ಳುವವರ ಸ್ಥಾನ. 15 ಅಡಿಯ ಎರಡು ಗೋಡೆಗಳ ನಡುವೆ ಸೆಕೆಂಡಿಗೆ ಸುಮಾರು 38 ಕಂಪನಗಳ ತಗ್ಗು ಸ್ವರವು ನಿಂತ ಅಲೆಯಾಗುತ್ತದೆ. ಕೋಣೆಯ ನಟ್ಟನಡುವೆ ಅದು ಕೇಳಿಸುವುದೇ ಇಲ್ಲ. ಹಿಂದಿನ ಗೋಡೆಗೆ ಒರಗಿದರೆ ಅತಿಯಾಗಿ ಗುಡುಗುತ್ತದೆ. ಆದುದರಿಂದ ಆಸನವು ಟೆಲಿವಿಷನ್ ಇರುವ ಗೋಡೆಯಿಂದ 9 ಅಡಿ ದೂರದಲ್ಲಿರಲಿ. ಮುಂದಿನ ಮೂರು ಪೆಟ್ಟಿಗೆಗಳನ್ನು ಗೋಡೆಯಿಂದ ಒಂದು ಅಡಿ ಈಚೆಗೆ ಇಟ್ಟರೆ ಅವುಗಳ ಸಾಲಿಗೂ ಆಸನಕ್ಕೂ 8 ಅಡಿ ಅಂತರ. ಮಾತು ಬರುವ ಪೆಟ್ಟಿಗೆ ಟೆಲಿವಿಷನ್ನಿನ ಕೆಳಗೆ, ನಡುವೆ. ಎಡಬಲದವು ನಡುಗೆರೆಯಿಂದ 30 ಡಿಗ್ರಿ ಕೋನದಲ್ಲಿರಬೇಕೆಂದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಶಿಫಾರಸು. ತ್ರಿಕೋನಮಿತಿಯ ಕೋಷ್ಟಕವನ್ನು ಪರೀಕ್ಷೆಗೆಂದು ಬಾಯಿಪಾಠ ಮಾಡಿದವರಿಗೆ ಇಲ್ಲಿ ಅದರ ಫಲ ಸಿಗುತ್ತದೆ: 8 ಅಡಿಯನ್ನು 30 ಡಿಗ್ರಿಯ ಟ್ಯಾಂಜೆಂಟಾದ 0.577ರಿಂದ ಗುಣಿಸಿದರೆ 4.6 ಅಡಿ. ಒಂದು ದಾರ, ಒಂದು ಸೀಮೆಸುಣ್ಣದ ತುಂಡು ಇದ್ದರೆ ನೆಲದ ಮೇಲೆಯೇ ಗುರುತು ಹಾಕಬಹುದು.

ಸುತ್ತಲಿನ ಪೆಟ್ಟಿಗೆಗಳೆರಡನ್ನು ಎಲ್ಲಿಡಬೇಕು? ‘ಹಿಂದಿನ ಧ್ವನಿ’ ಎಂಬ ಹೆಸರನ್ನು ನಂಬಿ ಅನೇಕರು ಅವನ್ನು ಹಿಂದಿನ ಗೋಡೆಯ ಮೂಲೆಗಳಿಗೆ, ಸೂರಿನ ಹತ್ತಿರಕ್ಕೆ ಏರಿಸುತ್ತಾರೆ. ನೇರ ಹಿಂದಿನ ಧ್ವನಿಯನ್ನು ಕಿವಿ ಎದುರಿನದೆಂದು ಭ್ರಮಿಸಬಹುದೆಂಬುದನ್ನು ಮೇಲೆ ನೋಡಿದೆವು. ಎರಡು ಕಿವಿಗಳಿಗೂ ಬೇರೆ ಬೇರೆಯಾದ ಧ್ವನಿ ಪಕ್ಕಗಳಿಂದ ಬಂದಾಗಲೇ ‘ಸುತ್ತುವರಿದಿದೆ’ ಎಂಬ ಭಾವನೆ ಪೂರ್ಣವಾಗುವುದು. ಆದುದರಿಂದ ಎದುರಿನಿಂದ 100ರಿಂದ 120 ಡಿಗ್ರಿಗಳ ಒಳಗೆ, ಎಂದರೆ ಪಕ್ಕದಿಂದ ಕೊಂಚವೇ ಹಿಂದಕ್ಕೆ, ಇವುಗಳ ಸ್ಥಾನ. 110 ಡಿಗ್ರಿ ಎಂದಿಟ್ಟುಕೊಂಡರೆ ನಮ್ಮ ಕೋಣೆಯ ಪಕ್ಕದ ಗೋಡೆಗಳ ಮೇಲೆ, ಆಸನದ ಸಾಲಿನಿಂದ 2.2 ಅಡಿ ಹಿಂದೆ. ಆಸನದ ಹಿಂದೆ ಉಳಿದಿರುವ 6 ಅಡಿಯಲ್ಲಿ ಇನ್ನೆರಡನ್ನು ಇಡುವ ಆಸೆಯುಳ್ಳವರು 135ರಿಂದ 150 ಡಿಗ್ರಿಗಳ ನಡುವೆ ಇಡಬಹುದು. ಈ ಅಳತೆಯ ಕೋಣೆಗೆ ಅದು ಅನಾವಶ್ಯಕ.

ಎತ್ತರದ ವಿಷಯದಲ್ಲಿ ಹಳೆಯ ಪದ್ಧತಿಗೂ ಹೊಸದಕ್ಕೂ ಭೇದವಿದೆ. ಮೇಲಿನ ಧ್ವನಿವರ್ಧಕಗಳಿಲ್ಲದ ದಿನಗಳಲ್ಲಿ ಸುತ್ತಲಿನವನ್ನು ಕಿವಿಗಿಂತ ಎರಡು ಅಡಿ ಮೇಲಕ್ಕೆ ಕಟ್ಟುವುದು ರೂಢಿಯಾಗಿತ್ತು. ಈಗ ಹಾಗೆ ಮಾಡಿದರೆ ಮೇಲಿನದಕ್ಕೂ ಸುತ್ತಲಿನದಕ್ಕೂ ಇರುವ ಅಂತರವೇ ಅಳಿಸಿಹೋಗುತ್ತದೆ. ಹೆಲಿಕಾಪ್ಟರು ತಲೆಯ ಮೇಲೂ ಅಲ್ಲ, ಪಕ್ಕದಲ್ಲೂ ಅಲ್ಲ, ಎರಡರ ನಡುವೆ ಎಲ್ಲೋ ತೂಗಾಡುತ್ತದೆ. ಆದುದರಿಂದ ಸುತ್ತಲಿನ ಪೆಟ್ಟಿಗೆಗಳು ಕುಳಿತವರ ಕಿವಿಯ ಮಟ್ಟಕ್ಕೆ, ಸುಮಾರು ಮೂರೂವರೆ ಅಡಿಗೆ, ಇಳಿಯಬೇಕು.

ಇಲ್ಲಿ ಒಂದು ಸಂಸಾರದ ತೊಡಕು ಏಳುತ್ತದೆ. ಮನೆಯಲ್ಲಿ ನಟ್ಟನಡುವೆ ಕುಳಿತುಕೊಳ್ಳುವವನು ಒಬ್ಬನೇ. ಅಜ್ಜಿ ಎಡಗೋಡೆಯ ಬಳಿ ಕುಳಿತಿರುತ್ತಾರೆ. ಎಡದ ಪೆಟ್ಟಿಗೆ ಅವರಿಗೆ 3 ಅಡಿ, ಬಲದ್ದು 9 ಅಡಿ. ದೂರ ಮೂರು ಪಟ್ಟಾದರೆ ಧ್ವನಿ ಸುಮಾರು 9.5 ಡೆಸಿಬೆಲ್ ಕ್ಷೀಣಿಸುತ್ತದೆ. ಅಷ್ಟೇ ಅಲ್ಲ, ಬಲದ ಧ್ವನಿ ಸೆಕೆಂಡಿನ ಸಾವಿರದ ಐದು ಭಾಗಗಳಷ್ಟು ತಡವಾಗಿ ಬರುತ್ತದೆ. ಒಂದೇ ಧ್ವನಿ ಎರಡು ಕಡೆಗಳಿಂದ ಹೀಗೆ ಹಿಂದುಮುಂದಾಗಿ ಬಂದರೆ ಮೊದಲು ಬಂದುದರ ದಿಕ್ಕನ್ನೇ ಮಿದುಳು ಒಪ್ಪಿಕೊಳ್ಳುತ್ತದೆಂಬುದನ್ನು 1949ರಲ್ಲಿ ಜರ್ಮನಿಯ ಹೆಲ್ಮುಟ್ ಹಾಸ್ ಮತ್ತು ಅಮೆರಿಕೆಯ ವಾಲಾಕ್, ನ್ಯೂಮನ್, ರೋಸೆನ್ಜ್ವೈಗ್ ಎಂಬವರು ಬೇರೆಬೇರೆಯಾಗಿ ತೋರಿಸಿದರು. ನುಗ್ಗೇಹಳ್ಳಿಯ ನವರಂಗದಲ್ಲಿ ಕಲ್ಲುಗಳ ಮಾರ್ದನಿಗೆ ನಾವು ಮೋಸಹೋಗದಿರುವುದು ಈ ಗುಣದಿಂದಲೇ. ಅಜ್ಜಿಗೆ ಬಲಗಡೆಯ ಪೆಟ್ಟಿಗೆ ಇದೆಯೆಂಬುದೇ ತಿಳಿಯದಿರುವುದೂ ಇದರಿಂದಲೇ. ನಡುವೆ ಕುಳಿತವನ ಮಟ್ಟಿಗೆ ಯಂತ್ರವು ಹತ್ತಿರದ ಪೆಟ್ಟಿಗೆಯನ್ನು ತಡಮಾಡಿಸಿ ಸರಿದೂಗಿಸುತ್ತದೆ: ಒಂದು ಅಡಿಗೆ ಸುಮಾರು ಸಾವಿರದ 0.9 ಸೆಕೆಂಡು. ಎಲ್ಲ ಆಸನಗಳಿಗೂ ಹಾಗೆ ಮಾಡುವುದು ಯಾವ ಯಂತ್ರಕ್ಕೂ ಆಗದು. ಅಜ್ಜಿಯ ಆಸನವನ್ನು ಗೋಡೆಯಿಂದ ಎರಡು ಅಡಿ ಸರಿಸುವುದು, ಸುತ್ತಲಿನ ಪೆಟ್ಟಿಗೆಯನ್ನು ಕಿವಿಗಿಂತ ಅರ್ಧ ಅಡಿ ಏರಿಸುವುದು, ಇವೆರಡೇ ಪರಿಹಾರಗಳು. ಅರ್ಧ ಅಡಿಯ ಈ ರಾಜಿಯಿಂದ ನಷ್ಟವೇನೂ ಆಗದು.

ಮೇಲಿನ ಪೆಟ್ಟಿಗೆಗಳಿಗೆ ಬರೋಣ. ಸೂರು 10 ಅಡಿ, ಕಿವಿ 3.5 ಅಡಿ, ನಡುವೆ 6.5 ಅಡಿ. ಎರಡೇ ಪೆಟ್ಟಿಗೆಗಳಾದರೆ ಅವು ಆಸನಕ್ಕಿಂತ ಒಂದು ಅಡಿ ಮುಂದೆ ಸೂರಿನಲ್ಲಿರಲಿ. ಆಗ ಅವು ಸುಮಾರು 80 ಡಿಗ್ರಿ ಏರಿನಲ್ಲಿರುತ್ತವೆ. ನಾಲ್ಕಾದರೆ ಮುಂದಿನೆರಡು 45 ಡಿಗ್ರಿ ಏರಿನಲ್ಲಿ, ಎಂದರೆ ಆಸನದಿಂದ 6.5 ಅಡಿ ಮುಂದೆ. ಹಿಂದಿನೆರಡು ಆಸನದಿಂದ 5.5 ಅಡಿ ಹಿಂದೆ, 50 ಡಿಗ್ರಿ ಏರಿನಲ್ಲಿ. ಎಡಬಲದ ಅಂತರ ಮುಂದಿನ ಪೆಟ್ಟಿಗೆಗಳ ಸಾಲಿಗೇ ಸರಿಹೊಂದಲಿ. ಹೊರಗಿವಿಯು ಎತ್ತರವನ್ನು ಗುರುತಿಸುವುದು ಸೆಕೆಂಡಿಗೆ ಸುಮಾರು 4,000ಕ್ಕೆ ಮೀರಿದ ಕಂಪನಗಳಿಂದ. ಆದುದರಿಂದ ಸೂರಿಗೆ ಭಾರವಾದ ದೊಡ್ಡ ಪೆಟ್ಟಿಗೆಗಳು ಬೇಕಿಲ್ಲ, ಎತ್ತರದ ಸ್ವರಗಳನ್ನು ಸ್ವಚ್ಛವಾಗಿ ನುಡಿಸುವ ಚಿಕ್ಕವು ಸಾಕು. ವಯಸ್ಸಾದಂತೆ ಮೊದಲು ಕುಗ್ಗುವುದೂ ಇದೇ ಸ್ವರಗಳ ಶ್ರವಣ. ಮೊಮ್ಮಗನು ಮಳೆ ಮೇಲಿನಿಂದ ಬರುತ್ತಿದೆಯೆಂದು ಕುಣಿದಾಗ ಅಜ್ಜಿಯು ಒಪ್ಪದಿದ್ದರೆ ಇಬ್ಬರ ಮಾತೂ ನಿಜವೇ.

ಸೂರಿಗೆ ತೂತು ಕೊರೆಯಲು ಇಷ್ಟವಿಲ್ಲದವರಿಗೆಂದು ಮುಂದಿನ ಪೆಟ್ಟಿಗೆಯ ಮೇಲೆ ಕೂರಿಸುವ, ಮೇಲ್ಮೊಗವಾಗಿ ನುಡಿಯುವ ಧ್ವನಿವರ್ಧಕಗಳೂ ದೊರೆಯುತ್ತವೆ. ಇವು ಕನ್ನಡಿಯ ನಿಯಮವನ್ನು ನಂಬಿದವು. ಧ್ವನಿ ಸೂರಿಗೆ ತಾಗಿ, ಬಂದ ಕೋನದಲ್ಲೇ ಹಿಂದಿರುಗಿ, ಕೇಳುವವನಿಗೆ ಸುಮಾರು 55 ಡಿಗ್ರಿ ಮೇಲಿನಿಂದ ಇಳಿದಂತೆ ತೋರುತ್ತದೆ. ಚಪ್ಪಟೆಯಾದ ಕಾಂಕ್ರೀಟ್ ಸೂರಿನ ಕೆಳಗೆ ಇದು ತಕ್ಕಮಟ್ಟಿಗೆ ನಡೆಯುತ್ತದೆ. ಆದರೆ ಹಂಚಿನ ಮನೆಯಲ್ಲಿ? ಇಳಿಜಾರಾದ ಮಾಡಿಗೆ ತಾಗಿದ ಧ್ವನಿ ಆಸನವನ್ನು ಬಿಟ್ಟು ಬೇರೆ ಕಡೆಗೆ ಓಡುತ್ತದೆ. ಹಂಚುಗಳ ಏರುತಗ್ಗುಗಳೂ ರೀಪುಗಳೂ ಎತ್ತರದ ಸ್ವರಗಳನ್ನು ಚದರಿಸಿಬಿಡುತ್ತವೆ. ಹಂಚಿನ ಮನೆಯವರು ಈ ಜಾತಿಯ ಪೆಟ್ಟಿಗೆಗೆ ಹಣ ಸುರಿಯಬಾರದು. ಅವರಿಗೆ ಪ್ರಕೃತಿ ಬೇರೊಂದು ಅನುಕೂಲವನ್ನು ಕೊಟ್ಟಿದೆ: ಅಡ್ಡ ಹಾದುಹೋಗುವ ತೊಲೆ. ಚಿಕ್ಕ ಪೆಟ್ಟಿಗೆಯನ್ನು ತೊಲೆಗೆ ಗಟ್ಟಿಯಾಗಿ ಬಿಗಿದು ಆಸನದ ಕಡೆಗೆ ವಾಲಿಸಿದರೆ ಕೊರೆಯುವ ಗೊಡವೆಯೇ ಇಲ್ಲ. ರೀಪಿಗೆ ಮಾತ್ರ ಎಂದೂ ಕಟ್ಟಬಾರದು. ಅದು ಹಂಚಿನ ಭಾರವನ್ನು ಹೊರಲು ಇರುವುದು, ನೆತ್ತಿಯ ಮೇಲೆ ಪೆಟ್ಟಿಗೆಯನ್ನು ತೂಗಲು ಅಲ್ಲ. ತಿರುಗುವ ಪಂಖವು ಪೆಟ್ಟಿಗೆಗೂ ಕಿವಿಗೂ ನಡುವೆ ಬಾರದಂತೆಯೂ ನೋಡಿಕೊಳ್ಳಬೇಕು.

ಪೆಟ್ಟಿಗೆಗಳೆಲ್ಲ ಸ್ಥಾನ ಸೇರಿದರೂ ಕೋಣೆಯೇ ಕೆಲಸ ಕೆಡಿಸಬಹುದು. 1895ರಲ್ಲಿ ಅಮೆರಿಕೆಯ ಹಾರ್ವರ್ಡ್ ವಿಶ್ವವಿದ್ಯಾನಿಲಯದ ಒಂದು ಉಪನ್ಯಾಸ ಮಂದಿರದಲ್ಲಿ ಮಾತು ಐದೂವರೆ ಸೆಕೆಂಡುಗಳ ಕಾಲ ಮೊಳಗಿ, ಯಾರಿಗೂ ಏನೂ ಅರ್ಥವಾಗುತ್ತಿರಲಿಲ್ಲ. ಅದನ್ನು ಸರಿಪಡಿಸುವ ಭಾರ ವಾಲೇಸ್ ಸೇಬಿನ್ ಎಂಬ ತರುಣ ಅಧ್ಯಾಪಕನ ಮೇಲೆ ಬಿತ್ತು. ಅವನು ರಾತ್ರಿಯ ನಿಶ್ಶಬ್ದದಲ್ಲಿ, ಹತ್ತಿರದ ನಾಟಕಶಾಲೆಯ ಮೆತ್ತೆಗಳನ್ನು ಹೊತ್ತು ತಂದು ಹಾಸಿ, ಮೊಳಗು ಎಷ್ಟು ಕುಗ್ಗಿತೆಂದು ಅಳೆದನು. ಅಲ್ಲಿಂದ ಹುಟ್ಟಿದ ಸೂತ್ರ ಸರಳವಾದುದು: ಕೋಣೆಯ ಗಾತ್ರವನ್ನು ಘನ ಅಡಿಗಳಲ್ಲಿ 0.049ರಿಂದ ಗುಣಿಸಿ, ಧ್ವನಿಯನ್ನು ಹೀರುವ ವಿಸ್ತಾರದಿಂದ ಭಾಗಿಸಿದರೆ ಮೊಳಗಿನ ಕಾಲ ಸಿಗುತ್ತದೆ. ಹೀರುವಿಕೆಗೆ ಅವನು ಹಿಡಿದ ಅಳತೆಗೋಲು ತೆರೆದ ಕಿಟಕಿ, ಏಕೆಂದರೆ ಅದರಿಂದ ಹೊರಬಿದ್ದ ಧ್ವನಿ ಮರಳಿ ಬಾರದು. (ಅದು ನೆರೆಮನೆಗೆ ಹೋಗುತ್ತದೆಂಬುದು ಬೇರೆ ಮಾತು.)

ನಮ್ಮ ಕೋಣೆಯ ಗಾತ್ರ 1,800 ಘನ ಅಡಿ. ನೆಲ, ಸೂರು, ಗೋಡೆಗಳು ಒಟ್ಟು 900 ಚದರಡಿ. ಗಾರೆಯೂ ನುಣುಪಾದ ನೆಲವೂ ಬಿದ್ದ ಧ್ವನಿಯಲ್ಲಿ ಸುಮಾರು ನೂರಕ್ಕೆ ಮೂರು ಪಾಲನ್ನು ಮಾತ್ರ ಹೀರುವುದರಿಂದ ಬರಿಯ ಕೋಣೆಯು 27 ಚದರಡಿ ತೆರೆದ ಕಿಟಕಿಗೆ ಸಮ. ನಾಲ್ವರು ಕುಳಿತರೆ ಇನ್ನೊಂದು 18. ಮೊಳಗಿನ ಕಾಲ ಸುಮಾರು 2 ಸೆಕೆಂಡು. ಇದು ಮನೆಯ ಸಿನಿಮಾಕ್ಕೆ ತೀರ ಹೆಚ್ಚು. ಅರ್ಧ ಸೆಕೆಂಡಿನ ಆಸುಪಾಸಿನಲ್ಲಿದ್ದರೆ ಮಾತು ಬಿಡಿಬಿಡಿಯಾಗಿ ಕೇಳುತ್ತದೆ. ಹಿಂದಿನ ಗೋಡೆಗೆ 100 ಚದರಡಿ ದಪ್ಪನೆಯ ಪರದೆಯನ್ನು ನೆರಿಗೆಯಾಗಿ ತೂಗಿದರೆ 50. 80 ಚದರಡಿ ಜಮಖಾನವನ್ನು ಕಂಬಳಿಯ ಮೇಲೆ ಹಾಸಿದರೆ 20. ಎರಡು ಹತ್ತಿಯ ಹಾಸಿಗೆಗಳನ್ನು ಒರಗಿಸಿದರೆ 34. ಎಲ್ಲ ಕೂಡಿ 149, ಕಾಲ ಸುಮಾರು 0.6 ಸೆಕೆಂಡು. ಮಾರುಕಟ್ಟೆಯ ದುಬಾರಿ ಹಲಗೆಗಳಿಲ್ಲದೆ ಇಷ್ಟು ಸಾಧ್ಯ. ಪರದೆಯನ್ನು ಗೋಡೆಗೆ ಅಂಟಿಸದೆ ಮೂರು ನಾಲ್ಕು ಅಂಗುಲ ಬಿಡಬೇಕು. ಗೋಡೆಯ ಮೈಯಲ್ಲಿ ಗಾಳಿಯ ಕಣಗಳು ಅಲುಗಲಾರವು, ಅಲುಗದ ಗಾಳಿಯಿಂದ ಬಟ್ಟೆಯು ಶಕ್ತಿಯನ್ನು ಕಸಿಯಲಾರದು. ಅಲೆಯ ಉದ್ದದ ಕಾಲುಭಾಗದಷ್ಟು ಈಚೆಗೆ ಅವುಗಳ ಚಲನೆ ಅತಿ ಹೆಚ್ಚು.

ಗೋಡೆ ದುಂಡಗಿದ್ದರಂತೂ ಬೇರೆಯೇ ಕಥೆ. ವಿಜಯಪುರದ ಗೋಲಗುಮ್ಮಟದಲ್ಲಿ ಒಂದು ಕಡೆ ಆಡಿದ ಪಿಸುಮಾತು ಸುಮಾರು 38 ಮೀಟರು ಆಚೆ ಕೇಳುವುದನ್ನು ಸಿ. ವಿ. ರಾಮನ್ನರು 1922ರ ಸುಮಾರಿನಲ್ಲಿ ಪಿಸುಮಾತಿನ ಮೊಗಸಾಲೆಗಳ ಅಧ್ಯಯನದಲ್ಲಿ ಪರಿಶೀಲಿಸಿದರು. ನೋಡಲು ಹೋದವರಿಗೆ ಅದು ಬೆರಗು. ಸಿನಿಮಾ ನೋಡುವವರಿಗೆ ಶಾಪವಾದೀತು.

ಪರದೆಗಳು ತಗ್ಗು ಸ್ವರವನ್ನು ತಡೆಯಲಾರವು. ಸೆಕೆಂಡಿಗೆ 40 ಕಂಪನಗಳ ಅಲೆ 28 ಅಡಿ ಉದ್ದ; ಬಟ್ಟೆ ಅದಕ್ಕೆ ಲೆಕ್ಕವೇ ಅಲ್ಲ, ತೆರೆದ ಕಿಟಕಿಯಿಂದಲೂ ತೆಳುವಾದ ಬಾಗಿಲಿನಿಂದಲೂ ನುಸುಳಿ ಪಕ್ಕದ ಮನೆಗೆ ಹೋಗುತ್ತದೆ. 2000ದ ಶಬ್ದ ಮಾಲಿನ್ಯ ನಿಯಮಗಳಂತೆ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ 45 ಡೆಸಿಬೆಲ್ ಮಿತಿ. ತಗ್ಗು ಸ್ವರದ ಪೆಟ್ಟಿಗೆಯ ದಿಕ್ಕು ಕಿವಿಗೆ ತಿಳಿಯದ ಕಾರಣ ಅದನ್ನು ಎಲ್ಲಾದರೂ ಇಡಬಹುದು. ನೆರೆಯವರ ಗೋಡೆಗೆ ತಗುಲದ ಕಡೆ ಇಡುವುದು ನ್ಯಾಯ.

ಗೋಡೆಗೆ ಮೊಳೆ ಹೊಡೆಯುವ ಮುನ್ನ ಒಂದು ಪರೀಕ್ಷೆ ಉಳಿದಿದೆ. ಸುತ್ತಲಿನ ಪೆಟ್ಟಿಗೆಗಳನ್ನು ಸ್ಟೂಲುಗಳ ಮೇಲೆ ಇಡಿರಿ. ಮೇಲಿನವನ್ನು ಏಣಿ ಹತ್ತಿದ ಒಬ್ಬರು ಗುರುತು ಹಾಕಿದ ಜಾಗದಲ್ಲಿ ಹಿಡಿದಿರಲಿ. ಮನೆಯವರೆಲ್ಲರೂ ತಮ್ಮ ತಮ್ಮ ಆಸನಗಳಲ್ಲಿ ಕಣ್ಣು ಮುಚ್ಚಿ ಕುಳಿತಿರಲಿ. ಯಂತ್ರದಲ್ಲಿ ಪರೀಕ್ಷೆಗೆಂದೇ ಇರುವ ಸುಯ್ಯೆಂಬ ಸದ್ದನ್ನು ಒಂದೊಂದೇ ಪೆಟ್ಟಿಗೆಯಿಂದ, ಕ್ರಮ ತಪ್ಪಿಸಿ, ಹೊರಡಿಸಿರಿ. ಪ್ರತಿಯೊಬ್ಬರೂ ಸದ್ದು ಬಂದ ಕಡೆಗೆ ಕೈ ತೋರಿಸಲಿ. ಕೈ ಒಂದು ಕಡೆಗೂ ಪೆಟ್ಟಿಗೆ ಇನ್ನೊಂದು ಕಡೆಗೂ ಇದ್ದರೆ ಸ್ಟೂಲನ್ನು ಒಂದು ಗೇಣು ಸರಿಸಿ ಮತ್ತೆ ನೋಡಿರಿ. ಹೆಚ್ಚಿನ ಕೈಗಳು ಹೆಚ್ಚಿನ ಪೆಟ್ಟಿಗೆಗಳನ್ನು ಮುಟ್ಟುವ ಹಾಗಾದಾಗ ಸೀಮೆಸುಣ್ಣದಿಂದ ಗುರುತು ಮಾಡಿ ಸುತ್ತಿಗೆಯನ್ನು ಕೈಗೆತ್ತಿಕೊಳ್ಳಬಹುದು.